ಊರಿನ ನೆನಪಿಗೆ ಏನು ಉಡೋದು? ಇಳಕಲ್, ಖಣ, ಲಂಬಾಣಿ ಕಸೂತಿ, ಕೌದಿ: ನಮ್ಮ ಕಡೆಯವರಿಗೊಂದು ಹೋಲಿಕೆ

"ಅಕ್ಕಾರ, ಮಗಳು ಓದಾಕ ಜರ್ಮನಿಗೆ ಹೊಂಟಾಳ. ಊರಿನ ನೆನಪಿಗೆ ಅಂತ ಏನರ ಕೊಡಬೇಕು. ಇಳಕಲ್ ಸೀರಿ ಕೊಡ್ಲೋ, ಸಂಡೂರಿನ ಲಂಬಾಣಿ ಜಾಕೀಟು ಕೊಡ್ಲೋ?" ಇದು ಕೊಪ್ಪಳದ ತಾಯಿಯೊಬ್ಬರ ಪ್ರಶ್ನೆ. ಬೆಂಗಳೂರಿನಲ್ಲಿ ನೆಲೆಸಿರುವ ರಾಯಚೂರಿನ ಹುಡುಗನೊಬ್ಬನಿಗೆ ಮದುವೆಗೆ ಶೇರ್ವಾನಿ ಬೇಡ, ನಮ್ಮ ಕಡೆಯದೇ ಏನಾದರೂ ಬೇಕು. ಬಳ್ಳಾರಿಯ ಇನ್ನೊಬ್ಬರ ಮನೆಯಲ್ಲಿ ಅಜ್ಜಿ ತೀರಿಕೊಂಡ ಮೇಲೆ ಒಂದು ಟ್ರಂಕು ಸೀರೆ ಉಳಿದಿದೆ. ಹಂಚೋಣವೇ, ಹೊಲಿಸೋಣವೇ ಎಂದು ಅಕ್ಕತಂಗಿಯರಲ್ಲಿ ಮಾತು ನಡೆದಿದೆ. ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಯಾವುದನ್ನು ಯಾವುದರ ಎದುರು ತೂಗಬೇಕು ಎಂದು ಹೇಳಬಹುದು.

ಮೊದಲು ಅಳತೆಗೋಲು

ಅಂಗಡಿಗೆ ಹೋಗುವ ಮುಂಚೆ ಕೆಲವನ್ನು ನಿಮ್ಮನ್ನೇ ಕೇಳಿಕೊಳ್ಳಿ. ಈ ನೆನಪು ಯಾರದು? ನಿಮ್ಮ ಮನೆಯದೋ, ನಿಮ್ಮ ಜಿಲ್ಲೆಯದೋ, ನೆರೆಯ ತಾಂಡಾದ್ದೋ? ಅಜ್ಜಿಯ ನೆನಪು ಬೇಕಾದವರಿಗೆ ಹೊಸ ಸೀರೆ ಎಷ್ಟು ಚೆಂದವಿದ್ದರೂ ಅರ್ಧ ಸಮಾಧಾನವನ್ನಷ್ಟೇ ಕೊಡುತ್ತದೆ. ಊರನ್ನು ನಾಲ್ಕು ಜನರ ಮುಂದೆ ತೋರಿಸಬೇಕು ಎನ್ನುವವರಿಗೆ ಹಳೆಯ ಬಟ್ಟೆಯ ಚೂರು ಸಾಲದು.

ಆಮೇಲೆ, ಅದು ವರ್ಷಕ್ಕೆ ಎಷ್ಟು ಸಲ ಮೈಮೇಲೆ ಬರುತ್ತದೆ? ನಾನು ಹೆಚ್ಚು ತೂಕ ಕೊಡುವುದು ಈ ಪ್ರಶ್ನೆಗೆ. ಹದಿನೈದು ಸಾವಿರದ ಸೀರೆ ಕಪಾಟಿನಲ್ಲಿ ಮಡಿಕೆ ಮುರಿಯದೆ ಕುಳಿತರೆ, ಎಂಟು ನೂರರ ಖಣದ ಕುಪ್ಪಸ ವಾರಕ್ಕೊಮ್ಮೆ ಹೊರಬಿದ್ದರೆ, ಎರಡರಲ್ಲಿ ಊರಿನ ಕೆಲಸ ಮಾಡುತ್ತಿರುವುದು ಕುಪ್ಪಸವೇ.

ಮೂರನೆಯದು ಹವೆ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ನಮ್ಮ ಮದುವೆಗಳೆಲ್ಲ ಆಗಲೇ. ಆ ಬಿಸಿಲಲ್ಲಿ ಕನ್ನಡಿ, ದಾರ, ಅಸ್ತರು ಎಲ್ಲ ಸೇರಿದ ಜಾಕೀಟು ಹಾಕಿಕೊಂಡು ಅಕ್ಕಿಕಾಳು (ಅಕ್ಷತೆ) ಬೀಳುವವರೆಗೆ ನಿಲ್ಲುವುದು ಸುಲಭವಲ್ಲ. ಅದೇ ಜಾಕೀಟು ಡಿಸೆಂಬರಿನ ಬರ್ಲಿನ್‌ಗೆ ಬೇರೆಯೇ ಲೆಕ್ಕ. ಇದರ ಜೊತೆಗೆ ತೊಳೆಯುವ ಪಾಡು, ಕೈಯಲ್ಲಿರುವ ಹಣ, ಕೈಯಲ್ಲಿರುವ ದಿನಗಳು. ಕೈಕೆಲಸಕ್ಕೆ ದಿನಗಳೇ ದೊಡ್ಡ ಬೆಲೆ. ಕೊನೆಗೆ, ಕೊಟ್ಟ ದುಡ್ಡಿನಲ್ಲಿ ಎಷ್ಟು ಪಾಲು ಅದನ್ನು ಮಾಡಿದ ಕೈಗೆ ಹೋಗುತ್ತದೆ ಎಂಬುದು. ನನ್ನ ಮಟ್ಟಿಗೆ ಇದನ್ನು ಬಿಟ್ಟು ಊರಿನ ನೆನಪಿಲ್ಲ.

ಇಳಕಲ್ ಸೀರೆ

ಇಳಕಲ್ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಆದರೆ ಕೊಪ್ಪಳದ ಕುಷ್ಟಗಿ ತಾಲ್ಲೂಕಿನ ಗಡಿ ದಾಟಿದರೆ ಅದೇ ಸಿಗುವ ಊರು. ದೋಟಿಹಾಳ, ಹನುಮಸಾಗರದ ಕಡೆಯ ಮಗ್ಗಗಳೂ ಇದೇ ಸೀರೆ ನೇಯ್ದಿವೆ. ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಹೊಲಕ್ಕೂ ಇದೇ, ಜಾತ್ರೆಗೂ ಇದೇ, ಬಾಣಂತಿಗೂ ಇದೇ. ಹಾಗಾಗಿ ಜಿಲ್ಲೆಯ ಹೆಸರು ನೋಡದೆ ಇದನ್ನು ನಮ್ಮದೆಂದೇ ಲೆಕ್ಕ ಹಿಡಿದಿದ್ದೇನೆ.

ಇದರ ವಿಶೇಷ ಒಡಲು ಮತ್ತು ಸೆರಗು ಕೂಡುವಲ್ಲಿದೆ. ಒಡಲಿನ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸಿ, ಆಮೇಲೆ ಹೊಕ್ಕು (ಅಡ್ಡ ಎಳೆ) ಹಾಕುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಅದಕ್ಕೇ ಅಪ್ಪಟ ಇಳಕಲ್ಲಿನ ಕೆಂಪು ಸೆರಗು ಅಷ್ಟು ತುಂಬು ಕೆಂಪಾಗಿರುವುದು: ಅಲ್ಲಿ ಹಾಸೂ ಕೆಂಪೇ. ಆ ಕೆಂಪಿನ ಮೇಲೆ ಬಿಳಿಯಲ್ಲಿ ಜೋಳದ ತೆನೆ, ಕೋಟೆಯ ಗೋಡೆಯ ಹಲ್ಲುಗಳು, ಹಣಿಗೆ, ಬೆಟ್ಟದ ಸಾಲು ಬರುತ್ತವೆ. ಬಿಳಿಜೋಳದ ಹೊಲ, ಕೊಪ್ಪಳದ ಕೋಟೆ, ಗಂಗಾವತಿ ಕಡೆಯ ಬಂಡೆಗುಡ್ಡ ನೋಡಿ ಬೆಳೆದವರಿಗೆ ಇದಕ್ಕಿಂತ ಹತ್ತಿರದ ಚಿತ್ರ ಬೇರೆ ಬೇಕಿಲ್ಲ.

ಕೊಳ್ಳುವಾಗ ಸೀರೆಯ ಎರಡೂ ತುದಿಯ ದಶಿ, ಅಂದರೆ ನೇಯದೆ ಬಿಟ್ಟ ಎಳೆ, ನೋಡಿ. ಕೊಂಡಿಯ ಸೀರೆಯಾದರೆ ಸೆರಗಿನ ತುದಿಯ ದಶಿ ಕೆಂಪು, ಒಳತುದಿಯ ದಶಿ ಒಡಲಿನ ಬಣ್ಣ. ಎರಡೂ ತುದಿಯಲ್ಲಿ ಒಂದೇ ಬಣ್ಣದ ಎಳೆ ಓಡಿದ್ದರೆ ಹಾಸು ಒಂದೇ, ಕೊಂಡಿ ಇಲ್ಲ. ಆಮೇಲೆ ಸೀರೆಯನ್ನು ತಿರುವಿ ಹಾಕಿ, ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿ. ಸಣ್ಣ ಗಂಟುಗಳ ಸಾಲೊಂದು ಉಗುರಿಗೆ ತಾಗುತ್ತದೆ. ಅಂಗಡಿಯವರು ಎಷ್ಟೇ ಮಾತಾಡಲಿ, ಆ ಸಾಲು ಸಿಗದಿದ್ದರೆ ಕೈಮಗ್ಗದ ಬೆಲೆ ಕೊಡಬೇಡಿ.

ಬೆಲೆಯ ಮಾತು. ಸಾವಿರದೊಳಗೆ ಸಿಗುವುದು ಬಹುತೇಕ ಪವರ್‌ಲೂಮಿನದು. ಹತ್ತಿ ಒಡಲಿಗೆ ರೇಷ್ಮೆ ಸೆರಗು ಕೂಡಿಸಿದ ಕೈಮಗ್ಗದ್ದಕ್ಕೆ ಅದರ ಎರಡು–ಮೂರು ಪಟ್ಟಾದರೂ ಕೈಯಲ್ಲಿಟ್ಟುಕೊಂಡು ಹೋಗಿ. ಒಡಲೂ ರೇಷ್ಮೆಯಾದರೆ ಇನ್ನೂ ಮೇಲೆ. ನನ್ನ ಆಯ್ಕೆ ಹತ್ತಿ ಒಡಲಿನದೇ. ಬಿಸಿಲಿಗೆ ಅದು ತಡೆಯುತ್ತದೆ, ಉಟ್ಟಷ್ಟೂ ಮೆದುವಾಗುತ್ತದೆ. ರೇಷ್ಮೆಯದು ಮದುವೆ ದಿನ ಮಿಂಚಿ ಆಮೇಲೆ ಕಪಾಟು ಸೇರುತ್ತದೆ. ಕೆಂಪು ಬಣ್ಣ ಬಿಡುವುದುಂಟು, ಆದ್ದರಿಂದ ಮೊದಲೆರಡು ಸಲ ತಣ್ಣೀರಲ್ಲಿ ಬೇರೆಯಾಗಿ ಜಾಲಿಸಿ ನೆರಳಲ್ಲಿ ಹರವಿ.

ಇದರ ಕೊರತೆ ಒಂದೇ, ಅದು ಸೀರೆ. ಸೀರೆ ಉಡದ ಮಗಳಿಗೆ ಕೊಟ್ಟರೆ ಅವಳು ವಿಮಾನದ ಚೀಲದಲ್ಲಿ ಒಯ್ದು ಹಾಗೇ ವಾಪಸ್ ತರುತ್ತಾಳೆ. ಸೆರಗು ಕತ್ತರಿಸಿ ಕುರ್ತಾ ಹೊಲಿಸೋಣ ಎಂದು ಹಲವರು ಕೇಳುತ್ತಾರೆ. ಹೊಸ ಕೈಮಗ್ಗದ ಸೀರೆಗೆ ಕತ್ತರಿ ಹಾಕಬೇಡಿ. ಕುರ್ತಾಕ್ಕೆ ಖಣ ಇದೆ.

ಖಣ

ಗುಳೇದಗುಡ್ಡದ ಖಣ ಕಡಿಮೆ ದುಡ್ಡಿಗೆ ಹೆಚ್ಚು ಊರು ಕೊಡುವ ಬಟ್ಟೆ. ಚಿಕ್ಕ ಚಿಕ್ಕ ಬುಟ್ಟಾಗಳ ಒಡಲು, ಎರಡೂ ಬದಿಗೆ ಅಂಚು. ಕುಪ್ಪಸಕ್ಕೆಂದೇ ನೇಯ್ದದ್ದರಿಂದ ಅಗಲ ಕಡಿಮೆ, ಉದ್ದ ಕುರ್ತಾ ಹೊಲಿಸುವವರು ಜೋಡಣೆಗೆ ಸೇರಿಸಿ ಹೆಚ್ಚು ಬಟ್ಟೆ ತೆಗೆದುಕೊಳ್ಳಬೇಕು. ಒಳ್ಳೆಯ ಟೇಲರ್ ಅಂಚನ್ನೇ ತೋಳಿಗೂ ಕೊರಳಿಗೂ ತಿರುಗಿಸಿ ಕೂರಿಸುತ್ತಾರೆ, ಬೇರೆ ಅಲಂಕಾರ ಬೇಕಾಗುವುದಿಲ್ಲ.

ಗಂಡಸರಿಗೂ ಇದು ಒಗ್ಗುತ್ತದೆ. ರಾಯಚೂರಿನ ಆ ಮದುಮಗನಿಗೆ ನಾನು ಹೇಳಿದ್ದು ಇದನ್ನೇ: ಬಿಳಿ ಹತ್ತಿ ಅಂಗಿ, ಬಿಳಿ ಧೋತರ, ಮೇಲೆ ಖಣದ ತೋಳಿಲ್ಲದ ಜಾಕೀಟು. ಬಿಸಿಲಿಗೂ ಆಯಿತು, ಫೋಟೋಕ್ಕೂ ಆಯಿತು, ಮುಂದೆ ಆಫೀಸಿಗೂ ಆಯಿತು.

ಆದರೆ ಖಣದಲ್ಲಿ ನಕಲು ಬಹಳ. ಪಾಲಿಯೆಸ್ಟರಿನ ಪವರ್‌ಲೂಮ್ ಬಟ್ಟೆ ಖಣದ ಹೆಸರಲ್ಲೇ ಎಲ್ಲ ಕಡೆ ಮಾರಾಟವಾಗುತ್ತದೆ. ಬೆನ್ನ ಬದಿ ನೋಡಿ, ಅಂಚಿನಿಂದ ಒಂದೆಳೆ ಕೇಳಿ ತೆಗೆದುಕೊಂಡು ಸುಟ್ಟು ನೋಡಿ. ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಮನೆಗೆ ಕೂಸು ಬಂದಿದ್ದರೆ ಬೇರೆ ಯಾವುದನ್ನೂ ಯೋಚಿಸಬೇಡಿ, ಖಣದ ಕುಂಚಿಗೆ ಹೊಲಿಸಿ. ತಲೆಗೆ ಟೋಪಿಯಾಗಿ ಬೆನ್ನಿಗೆ ಇಳಿಬಿದ್ದ ಆ ಉಡುಗೆಗೆ ಅರ್ಧ ಮೀಟರ್ ಆಸುಪಾಸಿನ ಬಟ್ಟೆ, ಒಳಗೆ ಹಳೆಯ ಮೆತ್ತನೆಯ ಹತ್ತಿಯ ಅಸ್ತರು, ಅಂಚಿಗೆ ಒಂದಿಷ್ಟು ಮಣಿ ಸಾಕು. ಮಣಿಯನ್ನು ಕೂಸಿನ ಬಾಯಿಗೆ ಎಟುಕದಂತೆ ಬೆನ್ನಿನ ಕಡೆ ಮಾತ್ರ ಹಾಕಿಸಿ. ಒಂದು ಕುಂಚಿಗೆ ಮೂರು ತಲೆಮಾರಿನ ಕೂಸುಗಳ ತಲೆ ಮೇಲೆ ಕೂತ ಮನೆಗಳು ನಮ್ಮಲ್ಲಿವೆ.

ಸಂಡೂರಿನ ಲಂಬಾಣಿ ಕಸೂತಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡು ದಾಟಿ ಬಂದ ಲಂಬಾಣಿ ಜನ ತಮ್ಮ ಮನೆಯನ್ನು ಮೈಮೇಲೆಯೇ ಹೊತ್ತು ತಂದರು. ಪೇಟಿಯಾ (ಲಂಗ), ಕಾಂಚಳಿ (ಕುಪ್ಪಸ), ತಲೆಯ ಛಾಟಿಯಾ (ಮುಸುಕು), ಅವುಗಳ ತುಂಬ ಕನ್ನಡಿ, ಕವಡೆ, ನಾಣ್ಯ. ತಾಯ್ನೆಲದ ನೆನಪು ಬಟ್ಟೆಯಾದದ್ದನ್ನು ನೋಡಬೇಕೆಂದರೆ ಬಳ್ಳಾರಿ ಜಿಲ್ಲೆಯಲ್ಲಿ ಸಂಡೂರಿನ ತಾಂಡಾಗಳಿಗೆ ಹೋಗಬೇಕು. ಹೊಲಿಗೆಗಳ ಹೆಸರುಗಳೇ ಒಂದು ಸಾಲು: ಕಿಲನ್, ವೇಲೆ, ಬಕ್ಯ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ನಕ್ರಾ. ಸಂಡೂರು ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಯಿಂದ ಬಂದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಕೊಳ್ಳುವವರ ಮುಂದೆ ಎರಡು ದಾರಿ ಇರುತ್ತವೆ. ಒಂದು, ಈಗಿನ ಹೆಣ್ಣುಮಕ್ಕಳು ಹೊಸ ಬಟ್ಟೆಯ ಮೇಲೆ ಹೊಸದಾಗಿ ಹಾಕಿದ ಕಸೂತಿ: ಜಾಕೀಟು, ದುಪಟ್ಟಾ, ಚೀಲ, ಕುರ್ತಾದ ಕೊರಳು. ಇನ್ನೊಂದು, ಯಾರೋ ಉಟ್ಟು ಬಿಟ್ಟ ಹಳೆಯ ಪೇಟಿಯಾ ಕತ್ತರಿಸಿ ಮಾಡಿದ ಚೀಲ, ಬೆಲ್ಟು, ಜಾಕೀಟಿನ ಬೆನ್ನು. ಹಳೆಯದು ಕಣ್ಣಿಗೆ ಹೆಚ್ಚು ಚೆಂದ ಕಾಣುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಬಣ್ಣ ಮಾಗಿರುತ್ತದೆ, ಹೊಲಿಗೆ ಒತ್ತಾಗಿರುತ್ತದೆ. ಆದರೂ ನನ್ನ ಸಲಹೆ ಹೊಸದನ್ನೇ ಕೊಳ್ಳಿ ಎಂದು. ಹಳೆಯ ಪೇಟಿಯಾ ಒಬ್ಬ ಹೆಣ್ಣುಮಗಳ ಮದುವೆಯ ಉಡುಗೆ. ಕಷ್ಟದ ವರ್ಷದಲ್ಲಿ ಗುಳೆ ಹೋಗುವ ಮುಂಚೆ ಸಿಕ್ಕ ಬೆಲೆಗೆ ಮಾರಿದ್ದೂ ಇರಬಹುದು. ಹತ್ತು ಚೂರಾದ ಮೇಲೆ ಅವಳ ಮೊಮ್ಮಗಳಿಗೆ ನೋಡಿ ಕಲಿಯಲು ಏನೂ ಉಳಿಯುವುದಿಲ್ಲ. ಹೊಸ ಕೆಲಸಕ್ಕೆ ಕೊಟ್ಟ ದುಡ್ಡು ಈಗ ಸೂಜಿ ಹಿಡಿದಿರುವ ಕೈಗೆ ಹೋಗುತ್ತದೆ. ಹಳೆಯ ಪೇಟಿಯಾ ಇಡಿಯಾಗಿ ನಿಮ್ಮ ಕೈಗೆ ಬಂದಿದ್ದರೆ ಕತ್ತರಿಸದೆ ಗೋಡೆಗೆ ತೂಗಿ: ಬೆನ್ನಿಗೆ ಮೇಲಂಚಿನುದ್ದಕ್ಕೂ ಹತ್ತಿಯ ಪಟ್ಟಿ ಹೊಲಿದು, ಅದರೊಳಗೆ ಕೋಲು ತೂರಿಸಿ, ಬಿಸಿಲು ಬೀಳದ ಗೋಡೆಗೆ. ಮೊಳೆ ಹೊಡೆದರೆ ಕನ್ನಡಿಗಳ ಭಾರಕ್ಕೇ ಬಟ್ಟೆ ಹರಿಯುತ್ತದೆ.

"ನಾವು ಲಂಬಾಣಿಗರಲ್ಲ, ಹಾಕೋಬಹುದಾ?" ಎಂದು ಕೆಲವರು ಸಂಕೋಚದಿಂದ ಕೇಳುತ್ತಾರೆ. ಮಾರಲೆಂದು ಅವರೇ ಹೊಲಿದ ಜಾಕೀಟು, ದುಪಟ್ಟಾ ಧಾರಾಳವಾಗಿ ಹಾಕಿ, ಯಾರ ಕೈಕೆಲಸ ಎಂದು ಕೇಳಿದವರಿಗೆ ಹೇಳಿ. ಶಾಲೆಯ ಗ್ಯಾದರಿಂಗಿಗೆ ವೇಷವಾಗಿ ಪೂರ್ತಿ ಉಡುಗೆ ತೊಡಿಸುವುದು ಬೇರೆ ಮಾತು. ಅದು ನನಗೆ ಒಪ್ಪುವುದಿಲ್ಲ.

ಕೈಕೆಲಸ ಹೌದೋ ಅಲ್ಲವೋ ಎಂದು ತಿಳಿಯಲು ಕನ್ನಡಿ ನೋಡಿ. ಕೈಯಲ್ಲಿ ಹಾಕಿದ ಕನ್ನಡಿಯ ಸುತ್ತ ದಾರ ಸುತ್ತಿ ಬಂದಿರುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ. ಅಂಟಿಸಿದ ಪ್ಲಾಸ್ಟಿಕ್ ಬಿಲ್ಲೆಯಾದರೆ ಉಗುರಿಗೇ ಏಳುತ್ತದೆ. ಮಷೀನಿಗೆ ಹಾಕಬೇಡಿ, ಒಳಹೊರಗು ಮಾಡಿ ಕೈಯಲ್ಲೇ ತೊಳೆಯಿರಿ, ಹಿಂಡಬೇಡಿ.

ಬಜೆಟ್ ಕಡಿಮೆಯಿದ್ದು ಕಾಲೇಜಿಗೆ ಹಾಕುವಂಥದ್ದು ಬೇಕೆಂದರೆ ಒಂದು ಉಪಾಯವಿದೆ. ಬಳ್ಳಾರಿ ಜೀನ್ಸಿಗೆ ಹೆಸರಾದ ಊರು, ಡೆನಿಮ್ ಜಾಕೀಟು ಅಲ್ಲೇ ಹೊಲಿಸಬಹುದು. ಬೆನ್ನಿಗೋ ಜೇಬಿಗೋ ಸಂಡೂರಿನ ಹೊಸ ಕಸೂತಿಯ ಒಂದು ತುಂಡು ಕೂರಿಸಿ. ತುಂಡನ್ನು ಕೈಹೊಲಿಗೆಯಲ್ಲಿ ಕೂರಿಸಿದರೆ ತೊಳೆಯುವಾಗ ಬಿಚ್ಚಿ ತೆಗೆಯಬಹುದು. ಗಣಿಯ ಜಿಲ್ಲೆಯ ಎರಡು ದುಡಿಮೆ ಒಂದೇ ಬೆನ್ನ ಮೇಲೆ ಬರುತ್ತವೆ, ಹುಡುಗರು ಪ್ರೀತಿಯಿಂದ ಹಾಕುತ್ತಾರೆ.

ಧಾರವಾಡದ ಕಸೂತಿ

ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇದು ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಗಿಂತ ಧಾರವಾಡ, ಹುಬ್ಬಳ್ಳಿಯ ಕಡೆಗೆ ಹತ್ತಿರ. ಎಳೆ ಎಣಿಸಿ ಹಾಕುವ ಹೊಲಿಗೆಗಳು ಗಾವಂತಿ, ಮುರ್ಗಿ, ನೇಗಿ, ಮೆಂತೆ. ಚಿತ್ರಗಳು ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕಿಸುವುದು ಹಳೆಯ ಜೋಡಿ. ಗಾವಂತಿ ಮತ್ತು ಮುರ್ಗಿಯಲ್ಲಿ ಮುಂದೂ ಹಿಂದೂ ಒಂದೇ ರೀತಿ ಕಾಣಬೇಕು, ಗಂಟು ಇರಬಾರದು. ಹಿಂಬದಿಯಲ್ಲಿ ಬೇರೆ ಬಣ್ಣದ ದಾರವೋ ಅಂಟು ಕಾಗದವೋ ಕಂಡರೆ ಅದು ಮಷೀನಿನದು. ಸೀರೆ ಪೂರ್ತಿ ಕೈಕಸೂತಿ ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು, ಬೆಲೆ ಹತ್ತು ಸಾವಿರ ದಾಟುವುದು ಸಹಜ. ಅಷ್ಟು ಆಗದವರು ಕುಪ್ಪಸದ ತೋಳಿಗೋ ಸೆರಗಿನ ಒಂದು ಮೂಲೆಗೋ ಹಾಕಿಸಿದರೆ ಸಾಕು. ನಾನಂತೂ ಮಷೀನಿನ ಪೂರ್ತಿ ಸೀರೆಗಿಂತ ಕೈಯ ಒಂದು ಗೋಪುರ ಮೇಲು ಎನ್ನುವವಳು.

ಕೌದಿ

ಟ್ರಂಕಿನ ಸೀರೆಗಳ ಆ ಅಕ್ಕತಂಗಿಯರಿಗೆ ನನ್ನ ಉತ್ತರ ಇದೇ: ಹಳೆ ಬಟ್ಟೆಗಳನ್ನು ಪದರ ಹಾಕಿ ಹೊಲಿದ ಹೊದಿಕೆ. ಹೊಸದಾಗಿ ಏನೂ ಕೊಳ್ಳಬೇಕಿಲ್ಲ, ನೆನಪು ಆಗಲೇ ಬಟ್ಟೆಯಲ್ಲಿದೆ. ನಮ್ಮ ಮನೆಯ ಕೌದಿಯ ಒಂದು ಮೂಲೆಯಲ್ಲಿ ಅಜ್ಜಿಯ ಇಳಕಲ್ಲಿನ ದಡಿ ಇದೆ, ಅದರ ಪಕ್ಕಕ್ಕೆ ಅಜ್ಜನ ಧೋತರದ ಹಳದಿಗಟ್ಟಿದ ಬಿಳಿ, ಅದರ ಕೆಳಗೆ ಚಿಕ್ಕಪ್ಪನ ಶಾಲೆಯ ಖಾಕಿ ಚಡ್ಡಿಯ ಚೌಕ. ಖಾಕಿಯ ಮೇಲೆ ಮಾತ್ರ ಸೂಜಿ ಹಾದ ಜಾಗಗಳು ದೂರ ದೂರ, ಬಟ್ಟೆ ದಪ್ಪವಾದದ್ದರಿಂದ ಹೊಲಿದವರ ಬೆರಳು ನೊಂದಿರಬೇಕು. ಬಾಣಂತನಕ್ಕೆ ಬಂದ ಮಗಳಿಗೆ, ಹುಟ್ಟಿದ ಕೂಸಿಗೆ, ದುಡಿಯಲು ದೂರ ಹೊರಟವರಿಗೆ ನಮ್ಮ ಕಡೆ ಕೌದಿ ಕೊಟ್ಟು ಕಳಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಮೈಮೇಲೆ ಹಾಕುವಂಥದ್ದು ಬೇಕೆಂದರೆ ಕೌದಿಯ ಹೊಲಿಗೆಯಲ್ಲೇ ಜಾಕೀಟಿನ ಬಟ್ಟೆ ಮಾಡಿಸಬಹುದು. ಹೊದೆಯುವ ಕೌದಿಗೆ ನಾಲ್ಕೈದು ಪದರ ಹಾಕುತ್ತಾರೆ. ಜಾಕೀಟಿಗೆ ಎರಡೇ ಪದರ ಎಂದು ಒತ್ತಿ ಹೇಳಿ. ಇಲ್ಲದಿದ್ದರೆ ತೋಳು ಮಡಚಲು ಬರುವುದಿಲ್ಲ. ಬಟ್ಟೆ ಆರಿಸುವಾಗ ಹತ್ತಿಯನ್ನು ಹತ್ತಿಯ ಜೊತೆ ಇಡಿ. ಹಳೆಯ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ, ಅದನ್ನು ಬೆಳಕಿಗೆ ಹಿಡಿದು ನೋಡಿ, ಸೀಳಿದ್ದರೆ ಕೆಳಗೆ ಹತ್ತಿ ಕೊಟ್ಟು ಮಾತ್ರ ಬಳಸಿ. ಪಾಲಿಯೆಸ್ಟರ್ ಸೀರೆ ಸೇರಿಸಬೇಡಿ, ಹೊಲಿಗೆಯಲ್ಲಿ ಜಾರುತ್ತದೆ, ಬೆವರು ಹೀರುವುದಿಲ್ಲ. ಮೊದಲು ಹೊಲಿಗೆಯ ಬಟ್ಟೆ ಸಿದ್ಧವಾಗಲಿ, ಆಮೇಲೆ ಟೇಲರ್ ಕತ್ತರಿಸಲಿ. ಕತ್ತರಿಸಿ ಕೊಟ್ಟು ಹೊಲಿಸಿದರೆ ಅಳತೆ ಕುಗ್ಗುತ್ತದೆ.

ಕೂಲಿಯಲ್ಲಿ ಚೌಕಾಶಿ ಬೇಡ. ಹಳೆ ಬಟ್ಟೆ ತಾನೇ ಎಂದು ಕೌದಿ ಹೊಲಿಯುವವರಿಗೆ ಬಹಳ ಕಡಿಮೆ ಕೊಡುವ ರೂಢಿ ಬಿದ್ದಿದೆ. ದಿನಕ್ಕೆ ಹೊಲದ ಕೂಲಿಯಷ್ಟಾದರೂ ಲೆಕ್ಕ ಹಾಕಿ ಕೊಡಿ, ಮೊದಲೇ ಮಾತಾಡಿ. ಸುಗ್ಗಿ ಮುಗಿದ ಮೇಲೆ ಅವರ ಕೈ ಬಿಡುವಾಗಿರುತ್ತದೆ. ಬಿತ್ತನೆಯ ದಿನಗಳಲ್ಲಿ ಅವಸರ ಮಾಡಬೇಡಿ.

ಕಂಬಳಿ

ಇದು ಎಲ್ಲರಿಗಲ್ಲ. ಬಳ್ಳಾರಿಯ ಹೆಸರಿನ ಕುರಿ ತಳಿಯೇ ಇದೆ, ಅದರ ಉಣ್ಣೆ ಒರಟು. ಕುಣಿಮಗ್ಗದಲ್ಲಿ ನೇಯ್ದ, ಹುಣಸೆಬೀಜದ ಗಂಜಿ ಉಂಡ ಕರಿ ಕಂಬಳಿ ಮಳೆ ತಡೆಯುತ್ತದೆ, ಚಳಿ ತಡೆಯುತ್ತದೆ, ಆದರೆ ಬರಿ ಮೈಗೆ ಚುಚ್ಚುತ್ತದೆ. ಚಳಿಯ ದೇಶಕ್ಕೆ ಹೋಗುವವರು ತೋಳಿಲ್ಲದ ಕೋಟು ಹೊಲಿಸಿ ಒಳಗೆ ಮೆತ್ತನೆಯ ಹತ್ತಿ ಅಸ್ತರು ಕೊಡಿಸಬಹುದು. ಕುರಿ ಕಾಯ್ದ ಮನೆತನದವರಿಗೆ ಇದರ ಮುಂದೆ ಬೇರಾವುದೂ ನಿಲ್ಲದು. ಉಳಿದವರು ಖಣದ ಕಡೆ ನೋಡಿ.

ಹಾಗಾದರೆ ಯಾರಿಗೆ ಏನು

ಜರ್ಮನಿಗೆ ಹೊರಟ ಮಗಳಿಗೆ ನಾನು ಕೌದಿ ಜಾಕೀಟನ್ನೇ ಮೊದಲು ಇಡುತ್ತೇನೆ. ಅಲ್ಲಿನ ಸಣ್ಣ ಚಳಿಗೆ ಒಗ್ಗುತ್ತದೆ, ಜೀನ್ಸಿನ ಮೇಲೆ ಹೋಗುತ್ತದೆ, ಅಮ್ಮನ ಸೀರೆ ಅದರಲ್ಲಿರುತ್ತದೆ. ಹೊರಡಲು ಎರಡು ತಿಂಗಳಾದರೂ ಇದ್ದರೆ ಮಾತ್ರ. ಸಮಯ ಇಲ್ಲವೆಂದರೆ ಸಂಡೂರಿನ ಸಿದ್ಧ ಜಾಕೀಟು. ಸೀರೆ ಉಡುವ ಹುಡುಗಿಯಾದರೆ ಹತ್ತಿ ಒಡಲಿನ ಇಳಕಲ್ ಒಂದು ಜೊತೆಗಿರಲಿ.

ಮದುವೆಗೆ ಹಣ ಇದ್ದರೆ ರೇಷ್ಮೆ ಸೆರಗಿನ ಕೈಮಗ್ಗದ ಇಳಕಲ್, ಮೇಲೆ ಖಣದ ಕುಪ್ಪಸ, ತೋಳಿಗೆ ಒಂದು ಸಾಲು ಕೈಕಸೂತಿ. ಬೇಸಿಗೆಯ ಮಂಟಪಕ್ಕೆ ಲಂಬಾಣಿ ಜಾಕೀಟು ಬೇಡ. ಅದನ್ನು ಸಂಜೆಯ ಆರತಕ್ಷತೆಗೆ ಇಟ್ಟುಕೊಳ್ಳಿ, ಅದೂ ಅಸ್ತರಿಲ್ಲದ್ದು.

ಎರಡು ಸಾವಿರದೊಳಗೆ, ಮುಂದಿನ ವಾರವೇ ಬೇಕು ಎನ್ನುವವರು ಹತ್ತಿಯ ಖಣ ತೆಗೆದುಕೊಳ್ಳಿ. ಉಡುಗೊರೆಗೆ ಅಳತೆ ಗೊತ್ತಿಲ್ಲದಿದ್ದರೆ ಹೊಲಿಸದೆ ಬಟ್ಟೆಯನ್ನೇ ಕೊಡಿ, ಅಥವಾ ಗಂಗಾವತಿ ಹತ್ತಿರದ ಆನೆಗೊಂದಿಯಲ್ಲಿ ಬಾಳೆ ನಾರಿನಿಂದ ಹೆಣೆಯುವ ಚೀಲ ನೋಡಿ. ಅಳತೆಯ ತೊಡಕೇ ಇಲ್ಲ.

ಕೈಕೆಲಸಕ್ಕೆ ಆರ್ಡರ್ ಕೊಡುವವರು ಬಣ್ಣ, ಪದರ, ಮುಗಿಸುವ ದಿನ, ಮುಂಗಡ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಇಬ್ಬರ ಬಳಿಯೂ ಇಡಿ. ಹೊಲಿದವರ ಹೆಸರು, ಊರು ಕೇಳಿ, ಅವರು ಒಪ್ಪಿದರೆ ಜಾಕೀಟಿನ ಒಳಗಡೆ ಕೊರಳ ಹತ್ತಿರ ದಾರದಲ್ಲಿ ಬರೆಸಿ. ಅದಕ್ಕೆ ತಗಲುವುದು ಹೆಚ್ಚೆಂದರೆ ಒಂದು ಗಂಟೆ. ಆ ಗಂಟೆಯ ಕೂಲಿಯನ್ನೂ ಸೇರಿಸಿ ಕೊಡಿ.